ರೋಸಲ್ ಹಾಳೂರು: ಗ್ರಂಥಸಾಕ್ಷ್ಯ ಮತ್ತು ಶಿಲಾಸಾಕ್ಷ್ಯ

ಹಾಳಾದ ಊರೊಂದರ ಚರಿತ್ರೆಯನ್ನು ಅರಿಯಲು ಎರಡು ಆಧಾರಗಳುಂಟು: ಅಲ್ಲಿ ಬಾಳಿದವರು ಬರೆದಿಟ್ಟ ಮಾತು ಒಂದು, ನೆಲದಲ್ಲಿ ಉಳಿದ ಕಲ್ಲು ಇನ್ನೊಂದು. ಬಡವರ ಊರಿನ ವಿಷಯದಲ್ಲಿ ಇವೆರಡೂ ಒಟ್ಟಿಗೆ ದೊರೆಯುವುದು ಅಪರೂಪ. ಸ್ಕಾಟ್ಲೆಂಡಿನ ಉತ್ತರದಂಚಿನ ಸದರ್ಲೆಂಡ್ ಪ್ರಾಂತದಲ್ಲಿ, ನೇವರ್ ನದಿಯ ಕಣಿವೆಯಲ್ಲಿರುವ ರೋಸಲ್ ಅಂತಹ ಅಪರೂಪದ ಸ್ಥಳ. ಆ ಊರಿನವನೇ ಆದ ಡೊನಾಲ್ಡ್ ಮ್ಯಾಕ್ಲೌಡ್ ಎಂಬ ಕಲ್ಲುಕೆಲಸದವನು 'ಗ್ಲೂಮಿ ಮೆಮೊರೀಸ್' ಎಂಬ ಗ್ರಂಥವನ್ನು ಬರೆದನು. 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಎಂಬ ವಿದ್ವಾಂಸನು ಅದೇ ಊರಿನ ಅವಶೇಷಗಳನ್ನು ಅಗೆದು, ಅಳೆದು, ನಕ್ಷೆ ಬರೆದನು. ಇವೆರಡನ್ನೂ ಅಕ್ಕಪಕ್ಕದಲ್ಲಿರಿಸಿ ಓದಿದಾಗಲೇ ಗ್ರಂಥದ ಗುಣದೋಷಗಳು ಸ್ಪಷ್ಟವಾಗುತ್ತವೆ.

1814ರಿಂದ 1818ರವರೆಗಿನ ಅವಧಿಯಲ್ಲಿ ರೋಸಲ್‌ನ ಜನರನ್ನು ಒಕ್ಕಲೆಬ್ಬಿಸಲಾಯಿತು. ಸದರ್ಲೆಂಡಿನ ಭೂಮಾಲಿಕ ಮನೆತನಕ್ಕೆ ಸಣ್ಣ ಒಕ್ಕಲುಗಳ ಗೇಣಿಗಿಂತ ಕುರಿಸಾಕಣೆಯ ಗುತ್ತಿಗೆಯೇ ಹೆಚ್ಚು ಲಾಭಕರವೆಂದು ತೋರಿತು. ಜಮೀನಿನ ಕಾರಭಾರಿಯಾಗಿದ್ದ ಪ್ಯಾಟ್ರಿಕ್ ಸೆಲ್ಲರ್ ಆ ಗುತ್ತಿಗೆಯನ್ನು ತಾನೇ ಹಿಡಿದಿದ್ದನು. 1814ರಲ್ಲಿ ಮನೆಗಳಿಗೆ ಬೆಂಕಿಯಿಟ್ಟು ಪ್ರಾಣಹಾನಿಗೆ ಕಾರಣನಾದನೆಂಬ ಆರೋಪ ಅವನ ಮೇಲೆ ಬಂದಿತು. 1816ರಲ್ಲಿ ಇನ್ವರ್ನೆಸ್‌ನ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಟ್ಟಿತು.

ಮ್ಯಾಕ್ಲೌಡನ ಬರಹವು ಮೊದಲು 1840-41ರಲ್ಲಿ ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಪತ್ರಗಳ ರೂಪದಲ್ಲಿ ಪ್ರಕಟವಾಯಿತು. ಮುಂದೆ, 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದು ಗುಲಾಮರ ಪರವಾಗಿ ಲೋಕದ ಮನಸ್ಸನ್ನು ಕಲಕಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್, ಸದರ್ಲೆಂಡಿನ ಡಚೆಸ್ಸಳ ಆತಿಥ್ಯವನ್ನು ಪಡೆದು, ಆ ಮನೆತನದ ಆಡಳಿತಗಾರ ಜೇಮ್ಸ್ ಲಾಕ್ ಕೊಟ್ಟ ವಿವರಗಳನ್ನು ನಂಬಿ, 1854ರ 'ಸನ್ನಿ ಮೆಮೊರೀಸ್' ಗ್ರಂಥದಲ್ಲಿ ಈ ಒಕ್ಕಲೆಬ್ಬಿಸುವಿಕೆಯನ್ನು ನಾಡಿನ ಸುಧಾರಣೆಯೆಂದು ಸಮರ್ಥಿಸಿದಳು. 1857ರಲ್ಲಿ ಕೆನಡಾದಿಂದ ಮ್ಯಾಕ್ಲೌಡನು ಪ್ರಕಟಿಸಿದ ಗ್ರಂಥದ ಹೆಸರೇ ಅದಕ್ಕೆ ಉತ್ತರ. ಅವಳ ನೆನಪುಗಳು ಬಿಸಿಲಿನವು, ಇವನವು ಕತ್ತಲೆಯವು.

ಮ್ಯಾಕ್ಲೌಡನ ಶೈಲಿ ಕೋಪದ ಶೈಲಿ. ವಿಷಯಕ್ರಮ ಸಡಿಲವಾಗಿದೆ, ನಿಂದೆ ಮೇರೆ ಮೀರುತ್ತದೆ. ಒಕ್ಕಲೆಬ್ಬಿಸುವುದಕ್ಕೆ ಮುಂಚಿನ ದಿನಗಳೆಲ್ಲವೂ ಅವನಿಗೆ ಸುಖದ ದಿನಗಳೇ. ಇಲ್ಲಿ ಕಲ್ಲು ಅವನನ್ನು ತಿದ್ದುತ್ತದೆ. ಸಾಗುವಳಿಯ ನೆಲವನ್ನು ಬಳಸಿ ನಿಂತ ಸುತ್ತುಗೋಡೆ, ಅದರ ಆಸುಪಾಸಿನಲ್ಲಿ ಚದುರಿರುವ ಸುಮಾರು 70 ಕಟ್ಟಡಗಳ ತಳಪಾಯ, ಕಾಳು ಒಣಗಿಸುವ ಗೂಡುಗಳು, ಒಂದೇ ಸೂರಿನಡಿ ಒಂದು ಕಡೆ ಮನುಷ್ಯರು ಇನ್ನೊಂದು ಕಡೆ ದನಗಳು ಇರುತ್ತಿದ್ದ ನೀಳವಾದ ಮನೆಗಳು, ಇವು ಸುಭಿಕ್ಷದ ಕುರುಹುಗಳಲ್ಲ. ದುಡಿಮೆಯಿಂದ ಹೇಗೋ ಸಾಗುತ್ತಿದ್ದ ಬಾಳಿನ ಕುರುಹುಗಳು.

ಆದರೆ ಕಲ್ಲಿನ ಮಾತಿಗೂ ಮಿತಿಯುಂಟು. 1819ರ ಒಂದು ರಾತ್ರಿ ಎತ್ತರದ ನೆಲವೊಂದನ್ನೇರಿ, ಉರಿಯುತ್ತಿದ್ದ 250 ಮನೆಗಳನ್ನು ತಾನು ಎಣಿಸಿದೆನೆಂದು ಮ್ಯಾಕ್ಲೌಡ್ ಹೇಳುತ್ತಾನೆ. ಈ ಸಂಖ್ಯೆಯನ್ನು ತಳಪಾಯಗಳಿಂದ ಪರೀಕ್ಷಿಸಹೊರಡುವವನು ಒಂದು ವಿಷಯವನ್ನು ಮರೆಯಬಾರದು. ಆ ಮನೆಗಳಲ್ಲಿ ಕಲ್ಲಿನದು ಬುಡ ಮಾತ್ರ. ಮೇಲಿನದು ಹುಲ್ಲುಹೆಂಟೆಯ ಗೋಡೆ, ಮರದ ತೊಲೆ, ಹುಲ್ಲಿನ ಹೊದಿಕೆ. ಮರ ವಿರಳವಾದ ಆ ನಾಡಿನಲ್ಲಿ ತೊಲೆಯೇ ಒಕ್ಕಲಿನ ಅಮೂಲ್ಯ ಆಸ್ತಿ. ತೊಲೆ ಸುಟ್ಟರೆ ಮನೆಯನ್ನು ಮತ್ತೆ ಕಟ್ಟಲಾಗದು. ಬೆಂಕಿ ನುಂಗಿದ್ದು ಯಾವುದೋ ಅದೇ ನೆಲದಲ್ಲಿ ಉಳಿಯದ ವಸ್ತು. ಆದುದರಿಂದ ಕಲ್ಲಿನ ಮೌನವನ್ನು ಸೆಲ್ಲರನ ಪಕ್ಷದ ಸಾಕ್ಷ್ಯವೆಂದು ಎಣಿಸುವುದು ತರ್ಕದೋಷ. ಆ ಮೌನದೊಳಗಿನ ಮಾತನ್ನು ಹೇಳಬಲ್ಲವನು ಕಂಡವನೊಬ್ಬನೇ.

ಇನ್ನೊಂದು ತಪ್ಪನ್ನೂ ಇಲ್ಲಿ ಸೂಚಿಸಬೇಕು. ಇಂತಹ ಅವಶೇಷಗಳೆಲ್ಲವನ್ನೂ 'ಕ್ರಾಫ್ಟ್'ಗಳೆಂದು ಕರೆಯುವುದು ರೂಢಿಯಾಗಿದೆ. ರೋಸಲ್ ಕ್ರಾಫ್ಟುಗಳ ಊರಲ್ಲ. ಹೊಲದ ಪಟ್ಟೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಉಳುತ್ತಿದ್ದ ಕೂಡೊಕ್ಕಲಿನ ಹಳ್ಳಿ. ಕ್ರಾಫ್ಟ್ ಎಂಬುದು ಅದನ್ನು ಮುರಿದ ಮೇಲೆ ಕಡಲ ತೀರದಲ್ಲಿ ಅಳೆದುಕೊಟ್ಟ ಒಂಟಿ ತುಂಡು. ಅದರ ಬೆಳೆಯೊಂದರಿಂದಲೇ ಹೊಟ್ಟೆ ತುಂಬದೆ ಜನ ಮೀನುಗಾರಿಕೆಗೆ ಇಳಿಯಲೆಂಬುದೇ ಆಡಳಿತದ ಎಣಿಕೆಯಾಗಿತ್ತು. ಆ ತುಂಡಿನ ಮೇಲೆ ಒಕ್ಕಲಿಗೆ ಭದ್ರವಾದ ಹಕ್ಕು ದೊರೆತದ್ದು 1886ರ ಶಾಸನದಿಂದ. ರೋಸಲ್ ಮುಗಿದಲ್ಲಿ ಕ್ರಾಫ್ಟ್ ಆರಂಭವಾಗುತ್ತದೆ. ಈ ಭೇದವನ್ನು ಮರೆತು ಹಾಳುಗೋಡೆಗೆ ಕ್ರಾಫ್ಟಿನ ಹೆಸರಿಟ್ಟರೆ, ಊರನ್ನು ಅಳಿಸಿದ ಯೋಜನೆಯ ಹೆಸರನ್ನೇ ಅಳಿದ ಊರಿಗೆ ಇಟ್ಟಂತಾಗುತ್ತದೆ.

ಗ್ರಂಥವಾಗಿ 'ಗ್ಲೂಮಿ ಮೆಮೊರೀಸ್' ಉತ್ತಮ ಕೃತಿಯೆನ್ನಲಾಗದು. ಸಾಕ್ಷ್ಯವಾಗಿ ಅದನ್ನು ಬಿಡಲೂ ಆಗದು. ಮನೆಗಳ ಅಳತೆ, ಬಾಳಿನ ಬಗೆ, ಸಾಗುವಳಿಯ ಕ್ರಮ ಇವುಗಳಿಗೆ ಫೇರ್‌ಹರ್ಸ್ಟನ ನಕ್ಷೆಯನ್ನೇ ಪ್ರಮಾಣವೆಂದು ಸ್ವೀಕರಿಸಬೇಕು. ಊರು ತಾನಾಗಿ ಹಾಳಾಗಲಿಲ್ಲ, ಹಾಳುಮಾಡಲಾಯಿತು ಎಂಬ ಮಾತಿಗೆ ಮಾತ್ರ ಆ ಕಲ್ಲುಕೆಲಸದವನ ಬಳಿಗೇ ಮರಳಬೇಕು.