ಒಂದೂವರೆ ಗಂಟೆಯ ಹಂಗಾಮು

ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಬೆಂಗಳೂರಿನ ನರ್ಸರಿಗಳ ಮುಂದೆ ಸ್ಕೂಟರ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಹೂಕೋಸಿನ ಸಸಿ ತುಂಬಿದ ಟ್ರೇಗಳು, ಮೊಗ್ಗು ಕಟ್ಟಿದ ಸೇವಂತಿಗೆ ಕುಂಡಗಳು, ಪೆಟೂನಿಯಾ ಸಸಿಗಳು ಸಾಲುಸಾಲಾಗಿ ಬಂದು ಕೂರುತ್ತವೆ. ಕೊಳ್ಳಲು ಬಂದವರ ಬಾಯಲ್ಲಿ ಒಂದೇ ವಿಚಾರಣೆ: ಈ ಸಲ ಚಳಿ ಯಾವಾಗ ಶುರು? ಕೇಳಬೇಕಾದದ್ದೇ. ಆದರೆ ಶರತ್ಕಾಲದ ತೋಟದಲ್ಲಿ ಕೆಲವು ಗಿಡಗಳು ಚಳಿಗೆ ಕಾದರೆ, ಇನ್ನು ಕೆಲವು ಕಾಯುವುದು ಇರುಳಿಗೆ. ಯಾವುದು ಯಾವುದಕ್ಕೆ ಕಾಯುತ್ತದೆ ಎಂದು ಗೊತ್ತಿಲ್ಲದೆ ಕೈಗೆ ಸಿಕ್ಕಿದ್ದನ್ನೆಲ್ಲ ನೆಟ್ಟವರ ತಾರಸಿಯಲ್ಲಿ ಡಿಸೆಂಬರ್ ಹೊತ್ತಿಗೆ ಎಲೆಯೇ ಎಲೆ.

ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು 11 ಗಂಟೆ 20 ನಿಮಿಷದ ಆಸುಪಾಸು. ವರ್ಷದ ಏರಿಳಿತವೆಲ್ಲ ಸೇರಿ ಒಂದೂವರೆ ಗಂಟೆ. ಲಂಡನ್ನಿನಲ್ಲಿ ಇದೇ ಅಂತರ ಎಂಟು ಗಂಟೆ ಮೀರುತ್ತದೆ. ನಮ್ಮ ಒಂದೂವರೆ ಗಂಟೆ ಮನುಷ್ಯರ ಲೆಕ್ಕಕ್ಕೆ ಬರುವುದಿಲ್ಲ. ನಾಟಿ ಅವರೆಗೆ ಅಷ್ಟೇ ಸಾಕು.

ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಜುಲೈನಲ್ಲಿ ಬಿತ್ತಿದ ಅವರೆಯೂ, ಆಗಸ್ಟ್ ಕೊನೆಗೆ ಹಿತ್ತಲಲ್ಲಿ ಊರಿದ ಅವರೆಯೂ ಹೆಚ್ಚುಕಡಿಮೆ ಒಟ್ಟಿಗೇ ಹೂವಿಗೆ ಬರುತ್ತವೆ. ಇರುಳು ಒಂದು ಅಳತೆ ಮೀರುವ ತನಕ ಗಿಡ ಎಲೆ, ಕುಡಿ ಹೊರಡಿಸುತ್ತಲೇ ಇರುತ್ತದೆ. ಮೀರಿದೊಡನೆ ಚಿಕ್ಕದೋ ದೊಡ್ಡದೋ ನೋಡದೆ ಹೂವಿಗೆ ತಿರುಗುತ್ತದೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಡಬ್ಲ್ಯು.ಡಬ್ಲ್ಯು. ಗಾರ್ನರ್ ಮತ್ತು ಎಚ್.ಎ. ಅಲಾರ್ಡ್ ಇಂಥದ್ದೇ ನಡತೆಯನ್ನು ಸೋಯಾ ಅವರೆಯಲ್ಲಿ ಕಂಡಿದ್ದರು. ಬಿಲಾಕ್ಸಿ ಎಂಬ ತಳಿಯನ್ನು ವಾರಗಟ್ಟಲೆ ಅಂತರ ಕೊಟ್ಟು ಬಿತ್ತಿದರೂ ಎಲ್ಲ ಸಾಲುಗಳೂ ಸೆಪ್ಟೆಂಬರ್‌ನಲ್ಲೇ ಹೂ ಬಿಟ್ಟವು. 1920ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟು ವಿಜ್ಞಾನದ ಪುಸ್ತಕ ಸೇರಿತು. ಮಾಗಡಿ, ಕೋಲಾರದ ಕಡೆಯ ರೈತರಿಗೆ ಅವರೆ ಯಾವಾಗ ಕಾಯಿ ಕಚ್ಚುತ್ತದೆಂದು ತಿಳಿಯಲು ಆ ಪ್ರಬಂಧ ಬೇಕಿರಲಿಲ್ಲ ಅನ್ನಿ.

ತಾರಸಿ ತೋಟದವರಿಗೆ ಇದರಲ್ಲೊಂದು ಲಾಭವುಂಟು. ಮುಂಗಾರಿನಲ್ಲಿ ಊರಿದ ಅವರೆ ಹಬ್ಬಿ ಹಬ್ಬಿ ಕುಂಡವನ್ನು ಮೀರಿ ಬೆಳೆಯುತ್ತದೆ. ಸೆಪ್ಟೆಂಬರ್‌ನ ಮೊದಲ ಎರಡು ವಾರಗಳಲ್ಲಿ ಊರಿದ್ದು ಇನ್ನೂ ಗಿಡ್ಡಗಿರುವಾಗಲೇ ಹೂವಿಗೆ ಬರುತ್ತದೆ. ಕಾಯಿ ಕಡಿಮೆ, ಒಪ್ಪಬೇಕು. ಆದರೆ ಆಸರೆಯ ಕಡ್ಡಿ ಬೇಡ, ಚಪ್ಪರ ಬೇಡ, ಇಬ್ಬನಿ ಬೀಳುವ ಬೆಳಗ್ಗೆ ಸಿಪ್ಪೆಯ ಮೇಲಿನ ಜಿಡ್ಡು ಬೆರಳಿಗೆ ಅಂಟಿ ಮಧ್ಯಾಹ್ನದವರೆಗೂ ಬಿಡದ ಆ ಸೊಗಡು ಮಾತ್ರ ಪೂರ್ತಿ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಮತ್ತು 4 ತಳಿಗಳಿಗೆ ಹಗಲಿನ ಹಂಗಿಲ್ಲ. ಯಾವ ತಿಂಗಳು ಬಿತ್ತಿದರೂ ಕಾಯಿ ಬಿಡುತ್ತವೆ. ಮಾರುಕಟ್ಟೆಗೆ ಬೆಳೆಯುವವರಿಗೆ ಅವು ವರ. ಹಿತಕಿದ ಬೇಳೆ ಸಾರಿನ ಮೇಲೆ ಆಸೆ ಇರುವವರು ಬೇಸಿಗೆ ಅವರೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ತೀರ್ಮಾನಿಸಲಿ.

ಸೇವಂತಿಗೆಯೂ ಇರುಳನ್ನೇ ಅಳೆಯುವ ಗಿಡ. ಇದನ್ನು ಈಗ ನೆಡುವುದಲ್ಲ, ಮಳೆಗಾಲದ ಆರಂಭದಲ್ಲೇ ನೆಟ್ಟಿರಬೇಕು. ಮರೆತವರು ಮೊಗ್ಗಿನ ಗಿಡ ತರುವುದೇ ಜಾಣತನ. ತಂದ ಮೇಲೆ ಎಲ್ಲಿಡಬೇಕು ಎನ್ನುವುದರಲ್ಲಿ ಎಡವಟ್ಟಾಗುತ್ತದೆ. ಗೇಟಿನ ಮೇಲೆ ರಾತ್ರಿಯಿಡೀ ಉರಿಯುವ ಎಲ್‌ಇಡಿ ದೀಪದ ಕೆಳಗೆ, ಇಲ್ಲವೇ ಬೀದಿದೀಪ ಬೀಳುವ ಬಾಲ್ಕನಿಯಲ್ಲಿ ಇಟ್ಟರೆ ಗಿಡಕ್ಕೆ ಇರುಳು ಇರುಳಾಗಿ ಕಾಣುವುದೇ ಇಲ್ಲ. ಇನ್ನೂ ಮೊಗ್ಗಾಗದ ಗಿಡ ಹಾಗೇ ಎಲೆ ಬಿಡುತ್ತ ಉಳಿದುಬಿಡುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲದ ಮೇಲೆ ಬಲ್ಬುಗಳ ಸಾಲು ಉರಿಯುವುದೂ ಈ ಕಾರಣಕ್ಕೇ: ಅಲ್ಲಿ ಬೇಕೆಂತಲೇ ಹೂವನ್ನು ತಡೆದು, ಹಬ್ಬದ ದರ ಸಿಗುವ ದಿನಕ್ಕೆ ಬಿಡಿಸುತ್ತಾರೆ.

ಹೂಕೋಸಿನದು ಬೇರೆಯೇ ಕಥೆ. ಅದಕ್ಕೆ ಬೇಕಾದದ್ದು ಚಳಿ, ಅದೂ ತಳಿಗೊಂದು ಮಟ್ಟದ ಚಳಿ. 1822ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಡಾ. ಜೆಮ್ಸನ್ ಇದರ ಬೀಜವನ್ನು ಭಾರತಕ್ಕೆ ತಂದು ಸಹಾರನ್‌ಪುರದ ಕಂಪನಿ ಬಾಗ್‌ನಲ್ಲಿ ಬೆಳೆಸಿದರು. ಆಮೇಲೆ ಉತ್ತರ ಭಾರತದ ರೈತರು ತಾವೇ ಬೀಜ ಹಿಡಿಯುತ್ತ, ಸೆಕೆ ಮತ್ತು ಮಳೆಗೆ ತಡೆದ ಗಿಡಗಳನ್ನೇ ಆರಿಸುತ್ತ ಬೇರೊಂದು ಪಂಗಡವನ್ನೇ ಎಬ್ಬಿಸಿದರು. ದೆಹಲಿಯ ಪೂಸಾ ಸಂಸ್ಥೆಯ ತಳಿಗಳ ಪಟ್ಟಿ ಪಂಚಾಂಗದಂತೆಯೇ ಇದೆ: ಪೂಸಾ ಕಾತ್ಕಿ, ಪೂಸಾ ದೀಪಾಲಿ, ಪೂಸಾ ಶರದ್, ಪೂಸಾ ಪೌಷಜಾ. ಬೇಗನೆ ಬರುವ ದೇಶಿ ತಳಿಗಳು 20ರಿಂದ 27 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಹೂ ಕಟ್ಟುತ್ತವೆ. ವಿದೇಶಿ ಮೂಲದ ಸ್ನೋಬಾಲ್ ಗುಂಪಿಗೆ 10ರಿಂದ 16 ಡಿಗ್ರಿ ಬೇಕು.

ಎಡವುವುದು ಇಲ್ಲೇ. ಪೊಟ್ಟಣದ ಮೇಲಿನ ಹಾಲುಬಿಳುಪಿನ ಚಿತ್ರ ನೋಡಿ ಸ್ನೋಬಾಲ್ ಬಿತ್ತಿದರೆ ಬೆಂಗಳೂರು, ಮೈಸೂರಿನ ಹದ ಚಳಿಯಲ್ಲಿ ಆಳೆತ್ತರದ ಹುಮ್ಮಸ್ಸಿನ ಎಲೆ ಬಂದು ನಡುವೆ ಖಾಲಿ. ಬೇಗನೆ ಬರುವ ತಳಿಯನ್ನು ತಡವಾಗಿ ನೆಟ್ಟರೂ ಕೆಡುತ್ತದೆ. ಗಿಡ ಬಲಿಯುವ ಮೊದಲೇ ನಿಂಬೆಹಣ್ಣಿನ ಗಾತ್ರದ ಹೂ ಕಟ್ಟಿ ಅಲ್ಲಿಗೇ ನಿಲ್ಲುತ್ತದೆ. ಟ್ರೇಯಲ್ಲಿ ಬಹಳ ದಿನ ಕೂತು ಕಾಂಡ ಗಟ್ಟಿಯಾದ ಸಸಿ, ಗೊಬ್ಬರ ಕಾಣದ ಸಸಿಯದ್ದೂ ಅದೇ ಪಾಡು. ಹಾಗಾಗಿ ಸಸಿ ಕೊಳ್ಳುವಾಗ ದರ ಕೇಳುವ ಮೊದಲು ತಳಿಯ ಹೆಸರು, ಬಿತ್ತಿ ಎಷ್ಟು ದಿನವಾಯಿತು ಎಂಬುದನ್ನು ಕೇಳಬೇಕು. ನಾಲ್ಕು ವಾರದ ಆಸುಪಾಸಿನದಾದರೆ ಸರಿ. ಹೂ ಮುಷ್ಟಿಯಷ್ಟಾದಾಗ ಹೊರಗಿನ ಎಲೆಗಳನ್ನು ಮಡಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರೆ ಬಿಸಿಲು ತಾಗದೆ ಬಿಳುಪು ಉಳಿಯುತ್ತದೆ.

ಕೋಸಿನ ಎಲೆ ಜರಡಿ ಮಾಡುವ ವಜ್ರಬೆನ್ನಿನ ಪತಂಗಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಂಡುಕೊಂಡ ಉಪಾಯ ಮನೆಯಂಗಳಕ್ಕೂ ಹೊಂದುತ್ತದೆ. ಎಲೆಕೋಸಿನ 25 ಸಾಲುಗಳ ಅಂಚಿಗೆ ಸಾಸಿವೆ ಸಾಲು ಹಾಕುವುದು, ಅದೂ ಕೋಸು ನೆಡುವ 15 ದಿನ ಮುಂಚೆ. ಪತಂಗ ಸಾಸಿವೆಯ ಮೇಲೆ ಮೊಟ್ಟೆ ಇಡುತ್ತದೆ, ಕೋಸು ಬಚಾವ್. ತಾರಸಿಯಲ್ಲಿ ಒಂದು ಕುಂಡ ಸಾಸಿವೆ ಇಟ್ಟರಾಯಿತು, ಹೇಗೂ ಅಡುಗೆಮನೆ ಡಬ್ಬಿಯಲ್ಲಿ ಬೀಜವಿದೆ.

ಸೊಪ್ಪು, ಗಡ್ಡೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗಿಸಿ ಬಿತ್ತಬೇಕು. ಕ್ಯಾರೆಟ್, ಮೂಲಂಗಿಯನ್ನು ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ. ನಿಜವಾದ ತಲೆನೋವು ಮಳೆಯದು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಚಿತ್ತೆ ಮಳೆ ಒಂದು ಸಂಜೆ ಹೊಯ್ದರೆ ಬೆಳಗ್ಗೆ ಬಿತ್ತಿದ ಸಬ್ಬಸಿಗೆ ಬೀಜವೆಲ್ಲ ಕುಂಡದ ಒಂದು ಮೂಲೆಯಲ್ಲಿ. ಮೊಳಕೆ ಬರುವ ತನಕ ಹಳೆ ಗೋಣಿತಾಟು ಹೊದಿಸುವುದು ಹಳ್ಳಿಯ ರೂಢಿ, ಈಗಲೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ನಾಲ್ಕು ತಿಂಗಳ ಮಳೆಗೆ ಸಾರ ಬಸಿದುಹೋದ ಮಣ್ಣನ್ನು ಬುಡಮೇಲು ಮಾಡಿ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸದೆ ಏನು ನೆಟ್ಟರೂ ಕಾಟಾಚಾರವೇ.

ಕರಾವಳಿಯಲ್ಲಿ ಲೆಕ್ಕ ಬೇರೆ. ಉಡುಪಿ ಬಳಿಯ ಮಟ್ಟು ಗ್ರಾಮದಲ್ಲಿ ಭತ್ತ ಕೊಯ್ದ ಗದ್ದೆಗೇ ಗುಳ್ಳ ಬದನೆ ನೆಡುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟು ಗುಳ್ಳ ಅದೇ.

ಹೂವಿನಲ್ಲಿ ಲಾಲ್‌ಬಾಗ್‌ನ ಜನವರಿ ಪ್ರದರ್ಶನವನ್ನೇ ಗಡುವಾಗಿ ಇಟ್ಟುಕೊಳ್ಳುವುದು ಬೆಂಗಳೂರಿನ ಹವ್ಯಾಸಿಗಳ ಹಳೆಯ ಪದ್ಧತಿ. ಗಣರಾಜ್ಯೋತ್ಸವಕ್ಕೆ ಅರಳಬೇಕಾದ ಪೆಟೂನಿಯಾ ಅಕ್ಟೋಬರ್‌ನಲ್ಲಿ ಮೊಳೆತಿರಬೇಕು. ಅದರ ಬೀಜ ನಶ್ಯದ ಪುಡಿಯಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು; ಮೇಲೆ ಮಣ್ಣು ಮುಚ್ಚಿದವರು ಕಾದೇ ಕಾಯುತ್ತಾರೆ. ಗುಲಾಬಿಗೆ ಕತ್ತರಿ ಹಾಕಲೂ ಅಕ್ಟೋಬರ್ ಸರಿ, ಸುಮಾರು 45 ದಿನಕ್ಕೆ ಹೂ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಬಳ್ಳಿಗೆ ಅಕ್ಟೋಬರ್ ಚಾಟ್ನಿ ಮಾಡುವುದೂ ಇದೇ ದಿನಗಳಲ್ಲಿ.

ಹಣ್ಣಿನ ಗಿಡಗಳಲ್ಲಿ ಕಸಿ ಸೀಬೆ, ನಿಂಬೆ, ಸಪೋಟ ನೆಡಲು ಹಿಂಗಾರು ಬೀಳುವ ಕಡೆ ಇದು ಒಳ್ಳೆಯ ಹೊತ್ತು. ಹಿತ್ತಲಲ್ಲಿ ಬೆಳೆದು ನಿಂತ ಮಾವಿಗೆ ಮಾತ್ರ ಈಗ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಬೇಕು. ಉಪಚಾರ ಹೆಚ್ಚಾದರೆ ಚಿಗುರುತ್ತದೆಯೇ ಹೊರತು ಹೂ ಬಿಡುವುದಿಲ್ಲ.

ತಾರಸಿಯಲ್ಲಿ ದೊಡ್ಡ ಡ್ರಮ್ಮು ಇರುವವರು ಸೀಮೆಬದನೆ ಹಾಕಬಹುದು. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಬೆಂಗಳೂರಿಗೆ ಪರಿಚಯಿಸಿದ ತರಕಾರಿ ಇದು. ಇದೂ ಇರುಳಿನ ಲೆಕ್ಕದ ಬಳ್ಳಿ; ಹಗಲು ಹನ್ನೆರಡು ಗಂಟೆಯ ಹತ್ತಿರ ಬಂದರೆ ಹೂ ಹೊರಡುತ್ತದೆ. ಬೀಜ ಬಿಡಿಸುವ ಕೆಲಸವಿಲ್ಲ. ಬಲಿತ ಕಾಯಿ ಬುಟ್ಟಿಯಲ್ಲಿದ್ದಾಗಲೇ ಅಗಲದ ತುದಿ ಸೀಳಿಕೊಂಡು ಮೊಳಕೆ ಹೊರಚಾಚುತ್ತದೆ. ಆ ಇಡೀ ಕಾಯಿಯನ್ನು ಮೊಳಕೆ ಕೆಳಮುಖವಾಗಿ ಓರೆಯಿಟ್ಟು, ತೊಟ್ಟಿನ ಕಡೆ ಮೇಲೆ ಕಾಣುವಂತೆ ಅರ್ಧ ಮಣ್ಣು ಮುಚ್ಚಿದರೆ ಮುಗಿಯಿತು. ಚಪ್ಪರವನ್ನು ಮಾತ್ರ ಮೊದಲೇ ಹಾಕಿರಬೇಕು. ಬಳ್ಳಿ ಪಕ್ಕದ ಮನೆಯ ಡಿಶ್ ಆಂಟೆನಾ ಹಿಡಿದ ಮೇಲೆ ಬಿಡಿಸುವುದು ಕಷ್ಟ.