ಬೀಜವಿಟ್ಟು ಮಳೆ ಅಳೆಯುವ ಮಾತುಕತೆ

ಹವಾಮಾನದ ಏರುಪೇರನ್ನು ಊರು ಹೇಗೆ ತಾಳಿಕೊಳ್ಳಬೇಕೆಂಬ ಚರ್ಚೆಯನ್ನು ನಡೆಸಿಕೊಡುವುದು ಒಂದು ಕುಶಲಕಲೆ. ಅದರ ಸೊಗಸು ಕಾಣುವುದು ಊರವರು ಕೂಡಿ ‘ಋತು ಪಟ್ಟಿ’ ಬರೆಯುವಾಗ. ಈ ಪಟ್ಟಿ ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆ ಎಂಬ ಪದ್ಧತಿಯ ಒಂದು ಸಾಧನ. ಆ ಪದ್ಧತಿ ಭಾರತದಲ್ಲಿ ಬೇರೂರಿದ್ದು 1990ರ ಆಸುಪಾಸಿನಲ್ಲಿ; ಕರ್ನಾಟಕದ ಮೈರಾಡಾ ಸಂಸ್ಥೆ ಅದರ ಮುಂಚೂಣಿಯಲ್ಲಿತ್ತು.

ನೆಲ ಗುಡಿಸಿ, ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಮನೆಗಳನ್ನು ಮಾಡುತ್ತಾರೆ. ತಿಂಗಳುಗಳ ಬದಲು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆ ನಕ್ಷತ್ರಗಳೇ ಸಾಲಾಗಿ ನಿಲ್ಲುವುದುಂಟು. ಮಳೆ ಹೆಚ್ಚಿದ್ದಲ್ಲಿ ಹೆಚ್ಚು ಹುಣಸೆ ಬೀಜ, ಕಡಿಮೆಯಿದ್ದಲ್ಲಿ ಕಡಿಮೆ. ಮೇಲಿನ ಸಾಲು ಈಗಿನ ಮಳೆಗೆ, ಕೆಳಗಿನ ಸಾಲು ಹಿರಿಯರ ಎಳವೆಯ ಮಳೆಗೆ. ಎರಡರ ನಡುವಿನ ಅಂತರ ಕಣ್ಣಿಗೆ ಬಿದ್ದೊಡನೆ ಮಾತು ತಾನಾಗಿ ಏಳುತ್ತದೆ: ರಾಗಿ ಬಿತ್ತುವುದು ಯಾವಾಗ, ಮೇವು ಎಲ್ಲಿಯವರೆಗೆ ಬಂದೀತು, ಕೆರೆಯ ಹೂಳು ತೆಗೆಯುವವರು ಯಾರು.

ನಡೆಸಿಕೊಡುವವರ ಕೈಚಳಕ ಮೇಲುನೋಟಕ್ಕೆ ಕಾಣದು. ಎಲ್ಲರ ಜೊತೆ ನೆಲದ ಮೇಲೆ ಕೂರುತ್ತಾರೆ. ಕೈಯಲ್ಲಿನ ಕಡ್ಡಿಯನ್ನು ಬೇಗ ಬೇರೆಯವರಿಗೆ ದಾಟಿಸುತ್ತಾರೆ. ಪ್ರಶ್ನೆ ಕೇಳಿದ ಮೇಲಿನ ಮೌನವನ್ನು ತುಂಬಲು ಆತುರಪಡುವುದಿಲ್ಲ. ಎಲ್ಲಕ್ಕಿಂತ ಕಷ್ಟದ ವಿದ್ಯೆ ಇದೇ. ದೊಡ್ಡ ಹಿಡುವಳಿಯವರ ದನಿ ಜೋರಾದರೆ ಅವರನ್ನು ತಡೆಯದೆ, ಬದಿಯಲ್ಲಿ ನಿಂತ ಕುರಿಗಾಹಿಯತ್ತ ಒಂದು ಹಿಡಿ ಬೀಜ ಚಾಚುತ್ತಾರೆ. ಹೆಂಗಸರ ಪಟ್ಟಿಯನ್ನು ಬೇರೆಯಾಗಿ ಬರೆಸುತ್ತಾರೆ. ನೀರು ಹೊರುವ ದೂರ, ಕೂಲಿ ಸಿಗದ ವಾರಗಳು ಸಾಮಾನ್ಯವಾಗಿ ಮೂಡುವುದು ಅಲ್ಲಿಯೇ. ಯಾರಾದರೂ ಬೀಜ ಸರಿಸಿ ‘ಅಷ್ಟಿಲ್ಲ, ಇಷ್ಟೇ’ ಎಂದರೆ ಅದಕ್ಕೆ ಕಾರಣ ಕೇಳುತ್ತಾರೆ, ತೀರ್ಪು ಹೇಳುವುದಿಲ್ಲ. ಕೊನೆಗೆ ಪಟ್ಟಿಯನ್ನು ಹಾಳೆಗೆ ಇಳಿಸಿ, ಒಂದು ಪ್ರತಿಯನ್ನು ಊರಿನಲ್ಲೇ ಬಿಡುತ್ತಾರೆ.