ಮ್ಯಾಗೈನಿನ್ ಸಂಶೋಧನೆ : ಒಂದು ವಿಮರ್ಶೆ

ವಿಜ್ಞಾನಿಯ ಸಾಧನೆಯನ್ನು ಅವನಿಂದ ಲೋಕಕ್ಕೆ ದೊರೆತ ವಸ್ತುವಿನಿಂದ ಅಳೆಯುವುದು ರೂಢಿ. ಅಮೆರಿಕದ ಮೈಕೆಲ್ ಜಾಸ್ಲಾಫ್ ಅವರ ವಿಷಯದಲ್ಲಿ ಈ ಅಳತೆಗೋಲು ಸಾಲದು. 1987ರಲ್ಲಿ ಅವರು ಪ್ರಕಟಿಸಿದ ಶೋಧ ಪ್ರಸಿದ್ಧವಾಯಿತು. ಅದರಿಂದ ಹುಟ್ಟಿದ ಔಷಧಕ್ಕೆ ಮಾತ್ರ ಅಮೆರಿಕದಲ್ಲಿ ಮನ್ನಣೆ ದೊರೆಯಲಿಲ್ಲ. ಇಷ್ಟರಿಂದ ಇದನ್ನು ಫಲವಿಲ್ಲದ ಪ್ರಯತ್ನವೆಂದು ಬಗೆಯುವುದು ಸುಲಭ. ಆದರೆ ಅವರ ಲೇಖನಗಳನ್ನು ಕಾಲಕ್ರಮದಲ್ಲಿ ಓದಿದಾಗ ಬೇರೊಂದು ಚಿತ್ರ ಕಾಣಬರುತ್ತದೆ.

ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಅವರು ಆಫ್ರಿಕದ ಉಗುರುಗಪ್ಪೆಯ ಅಂಡಕೋಶಗಳನ್ನು ಬಳಸಿ ಆರ್‌ಎನ್‌ಎ ಕುರಿತು ಪ್ರಯೋಗ ನಡೆಸುತ್ತಿದ್ದರು. ಕಪ್ಪೆಯ ಹೊಟ್ಟೆಯನ್ನು ಸೀಳಿ, ಅಂಡಾಶಯವನ್ನು ತೆಗೆದು, ಹೊಲಿದು, ಮತ್ತೆ ತೊಟ್ಟಿಗೆ ಬಿಡುವುದು ಪದ್ಧತಿ. ಸೂಕ್ಷ್ಮಜೀವಿಗಳು ತುಂಬಿದ ಆ ನೀರಿನಲ್ಲಿಯೂ ಗಾಯವು ಕೀವುಗಟ್ಟದೆ ಮಾಯುತ್ತಿತ್ತು. ಇದನ್ನು ಕಂಡವರು ಅನೇಕರಿರಬೇಕು. ಕಾರಣವನ್ನು ಬೆನ್ನಟ್ಟಿ ಹೋದವರು ಇವರು. ಚರ್ಮದಿಂದ ಬೇರ್ಪಡಿಸಿದ ಎರಡು ಪೆಪ್ಟೈಡುಗಳಲ್ಲಿ ತಲಾ 23 ಅಮೈನೋ ಆಮ್ಲಗಳು. ಅವುಗಳೊಳಗಿನ ಭೇದ ಎರಡೇ ಸ್ಥಾನಗಳಲ್ಲಿ. ಗುರಾಣಿ ಎಂಬರ್ಥದ ಹೀಬ್ರೂ ಪದವೇ ‘ಮ್ಯಾಗೈನಿನ್’ ಎಂಬ ಹೆಸರಿಗೆ ಮೂಲ. (ಸ್ವೀಡನ್ನಿನ ಹನ್ಸ್ ಬೊಮನ್ ಮತ್ತು ಸಂಗಡಿಗರು 1981ರಲ್ಲಿಯೇ ಪತಂಗದ ಸೆಕ್ರೋಪಿನ್‌ಗಳನ್ನು ವರ್ಣಿಸಿದ್ದರು, ಕಪ್ಪೆಯ ಕಥೆಯ ಸೊಗಸಿನಲ್ಲಿ ಇದನ್ನು ಮರೆಯುವುದು ನ್ಯಾಯವಲ್ಲ.)

ಈ ಪೆಪ್ಟೈಡು ಕೊಲ್ಲುವ ಬಗೆ ವಿಶಿಷ್ಟವಾದುದು. ಅದರ ಮೇಲೆ ಧನ ವಿದ್ಯುದಂಶವಿದೆ. ಬ್ಯಾಕ್ಟೀರಿಯದ ಪೊರೆಯ ಮೇಲೆ ಋಣ ವಿದ್ಯುದಂಶ. ಪೊರೆಗೆ ತಗುಲಿದೊಡನೆ ಅದು ಸುರುಳಿಯಾಗಿ, ಒಂದು ಮಗ್ಗುಲನ್ನು ನೀರಿಗೂ ಇನ್ನೊಂದನ್ನು ಕೊಬ್ಬಿನಂಶಕ್ಕೂ ಒಡ್ಡಿ, ಪೊರೆಯನ್ನೇ ಕೆಡಿಸುತ್ತದೆ. 1990ರಲ್ಲಿ ಬೊಮನ್, ಮೆರಿಫೀಲ್ಡ್ ಮೊದಲಾದವರು ಕನ್ನಡಿಯ ಪ್ರತಿಬಿಂಬದಂತಹ ಅಮೈನೋ ಆಮ್ಲಗಳಿಂದ ಮ್ಯಾಗೈನಿನ್ನನ್ನು ರಚಿಸಿದಾಗಲೂ ಬ್ಯಾಕ್ಟೀರಿಯಗಳು ಸತ್ತವು. ಆದುದರಿಂದ ಯಾವುದೋ ಒಂದು ಪ್ರೋಟೀನಿನ ಬೀಗಕ್ಕೆ ಹೊಂದುವ ಕೀಲಿಕೈ ಇದಲ್ಲವೆಂಬುದು ಸ್ಪಷ್ಟವಾಯಿತು.

ಔಷಧರಸಾಯನದ ಕೆಲಸ ಇಲ್ಲಿಂದ ಮುಂದಿನದು. ಜಾಸ್ಲಾಫ್ ಸ್ಥಾಪಿಸಿದ ಕಂಪನಿಯಲ್ಲಿ ರೂಪುಗೊಂಡ ಪೆಕ್ಸಿಗನಾನ್‌ನಲ್ಲಿ 22 ಅಮೈನೋ ಆಮ್ಲಗಳಿವೆ. ಮ್ಯಾಗೈನಿನ್-2ರಲ್ಲಿ ನಾಲ್ಕಿದ್ದ ಲೈಸಿನ್ ಇದರಲ್ಲಿ ಒಂಬತ್ತು. ವಿದ್ಯುದಂಶ ಹೆಚ್ಚಿತು, ಕೊಲ್ಲುವ ಶಕ್ತಿಯೂ ಹೆಚ್ಚಿತು. ಮಧುಮೇಹಿಗಳ ಕಾಲುಹುಣ್ಣಿಗೆ ಹಚ್ಚುವ ಲೇಪವಾಗಿ ಇದನ್ನು ಪರೀಕ್ಷಿಸಲಾಯಿತು. 835 ರೋಗಿಗಳ ಪರೀಕ್ಷೆಗಳಲ್ಲಿ ಅದು ನುಂಗುವ ಆಫ್ಲಾಕ್ಸಾಸಿನ್ ಮಾತ್ರೆಗೆ ಸರಿಸುಮಾರು ಸಮನಾಗಿ ನಿಂತಿತು. ಆದರೆ ಹುಣ್ಣನ್ನು ತೊಳೆದು ಕಟ್ಟುವುದರಿಂದಲೇ ಎಷ್ಟು ಗುಣವಾಗುತ್ತಿತ್ತು? ಈ ಹೋಲಿಕೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನಿರಾಕರಿಸಿತು. ಬಹುಕಾಲದ ಮೇಲೆ ಮತ್ತೊಂದು ಕಂಪನಿ ಅದನ್ನು ಬರಿಯ ಲೇಪದೊಡನೆ ಹೋಲಿಸಿ ನೋಡಿತು. 2016ರಲ್ಲಿ ಆ ಪರೀಕ್ಷೆಗಳೂ ಸೋತವು.

ನನ್ನ ಮುಖ್ಯ ಆಕ್ಷೇಪವಿರುವುದು ಔಷಧದ ಮೇಲಲ್ಲ, ಅದರ ಬೆನ್ನಿಗಿದ್ದ ತರ್ಕದ ಮೇಲೆ. 2002ರ ಸಮೀಕ್ಷಾಲೇಖನದಲ್ಲಿ ಜಾಸ್ಲಾಫ್, ಬ್ಯಾಕ್ಟೀರಿಯಗಳು ಇಂತಹ ಪೆಪ್ಟೈಡುಗಳಿಗೆ ನಿರೋಧ ಗಳಿಸುವ ಸಂಭವ ಬಹಳ ಕಡಮೆಯೆಂದು ವಾದಿಸಿದರು: ಪೊರೆಯ ರಚನೆಯನ್ನೇ ಬದಲಿಸಿಕೊಳ್ಳುವುದು ಜೀವಿಗೆ ದುಬಾರಿ, ಯುಗಯುಗಗಳಿಂದ ಈ ಆಯುಧ ಮೊಂಡಾಗಿಲ್ಲ. ವಾದ ಆಕರ್ಷಕವಾಗಿದೆ. ಆದರೆ ಪ್ರಾಣಿದೇಹವು ಹಲವು ಪೆಪ್ಟೈಡುಗಳನ್ನು ಒಟ್ಟಿಗೆ, ಬೇಕಾದ ಎಡೆಯಲ್ಲಿ, ಸ್ವಲ್ಪ ಹೊತ್ತು ಪ್ರಯೋಗಿಸುತ್ತದೆ. ವೈದ್ಯನು ಒಂದನ್ನೇ ದಿನಗಟ್ಟಲೆ ಹಚ್ಚುತ್ತಾನೆ. ಮೊದಲನೆಯದು ಬಾಳಿಬಂದಿತೆಂಬುದು ಎರಡನೆಯದಕ್ಕೆ ಹೇಗೆ ಪ್ರಮಾಣವಾದೀತು? ಮಾಂಟ್ರಿಯಲ್ಲಿನ ಗ್ರಹಾಂ ಬೆಲ್, ಗೂಯೋನ್ ಅವರೊಡನೆ 2003ರಲ್ಲಿ ಬರೆದ ಲೇಖನದಲ್ಲಿ, ಇಂತಹ ಔಷಧಗಳಿಂದ ನಿರೋಧ ಹುಟ್ಟಿದರೆ ನಮ್ಮ ದೇಹದ ಸ್ವಂತ ರಕ್ಷಣೆಯೇ ದುರ್ಬಲವಾದೀತೆಂದು ಎಚ್ಚರಿಸಿದರು.

ಜಾಸ್ಲಾಫ್ ಇದಕ್ಕೆ ಖಂಡನೆಯನ್ನಷ್ಟೇ ಬರೆದು ಸುಮ್ಮನಿರಬಹುದಾಗಿತ್ತು. ಅವರು ಬೆಲ್ ಮತ್ತು ಪೆರಾನ್ ಅವರೊಡನೆ ಕೂಡಿ, ತಮ್ಮದೇ ಪೆಕ್ಸಿಗನಾನ್‌ನಲ್ಲಿ ಎರಡು ಜಾತಿಯ ಬ್ಯಾಕ್ಟೀರಿಯಗಳನ್ನು 600-700 ಪೀಳಿಗೆಗಳ ಕಾಲ ಬೆಳೆಸುವ ಪ್ರಯೋಗದಲ್ಲಿ ಪಾಲುಗೊಂಡರು. 24 ಸಂತತಿಗಳಲ್ಲಿ 22 ವಂಶಪಾರಂಪರ್ಯವಾದ ನಿರೋಧವನ್ನು ಪಡೆದವು. 2006ರಲ್ಲಿ ಅಚ್ಚಾದ ಆ ಲೇಖನದ ಮೇಲೆ ಅವರ ಹೆಸರೂ ಇದೆ. ತನ್ನ ವಾದಕ್ಕೆ ವಿರುದ್ಧವಾದ ಫಲಿತಾಂಶಕ್ಕೆ ತಾನೇ ಸಹಿ ಹಾಕುವುದು ವಿಜ್ಞಾನದಲ್ಲಿಯೂ ವಿರಳ. 1987ರ ಲೇಖನಕ್ಕಿಂತ ಇದನ್ನೇ ನಾನು ಮೇಲಾಗಿ ಎಣಿಸುತ್ತೇನೆ.

ಪ್ರಯೋಗಶಾಲೆಯ ಕೊಳವೆಯಲ್ಲಿ ಆದುದು ರೋಗಿಯ ಗಾಯದಲ್ಲಿಯೂ ಆಗಿಯೇ ತೀರುವುದೆಂದು ಹೇಳಲಾಗದು. ಆದರೆ ಬೆಲ್ ಎತ್ತಿದ ಶಂಕೆ ಬರಿಯ ಊಹೆಯಾಗಿ ಉಳಿಯಲಿಲ್ಲ. 2012ರಲ್ಲಿ ಹಾಬೆಟ್ಸ್ ಮತ್ತು ಬ್ರಾಕ್‌ಹರ್ಸ್ಟ್ ಪೆಕ್ಸಿಗನಾನ್‌ಗೆ ಒಗ್ಗಿಸಿ ಬೆಳೆಸಿದ ಸ್ಟೆಫೈಲೊಕಾಕಸ್ ಆರಿಯಸ್, ಮನುಷ್ಯನ ಬಿಳಿ ರಕ್ತಕಣಗಳಲ್ಲಿರುವ ಒಂದು ರಕ್ಷಕ ಪೆಪ್ಟೈಡಿಗೂ ನಿರೋಧವನ್ನು ತೋರಿತು.